ಕಾಲೇಜಿಗೆ ಪಿಸ್ತೂಲ್ ಬಂದರೆ ಕಾವಲಿನ ಖರ್ಚು ಯಾರದು?

ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ಬಾಗಿಲುಗಳ ಪಕ್ಕ ಒಂದು ದೊಡ್ಡ ಬೋರ್ಡ್ ಇರುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಸಲ, ಸ್ಪ್ಯಾನಿಶ್‌ನಲ್ಲಿ ಇನ್ನೊಂದು ಸಲ ಅದೇ ಮಾತು. ಅಕ್ಷರ ಕನಿಷ್ಠ ಒಂದು ಇಂಚು ಎತ್ತರ ಇರಬೇಕು. ಹಿಂದಿನ ಬಣ್ಣಕ್ಕೆ ಎದ್ದು ಕಾಣಬೇಕು. ಬಂದವರ ಕಣ್ಣಿಗೆ ಬೀಳುವ ಕಡೆಯೇ ಹಾಕಿರಬೇಕು. ಇಷ್ಟನ್ನೂ ಆ ರಾಜ್ಯದ ದಂಡಸಂಹಿತೆಯ 30.06ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಬೋರ್ಡಿನ ಸಾರ ಇಷ್ಟು: ನಿಮ್ಮ ಹತ್ತಿರ ಲೈಸೆನ್ಸ್ ಇದ್ದರೂ ಬಟ್ಟೆಯೊಳಗೆ ಪಿಸ್ತೂಲ್ ಇಟ್ಟುಕೊಂಡು ಈ ಬಾಗಿಲು ದಾಟುವಂತಿಲ್ಲ.

ಹಾಗಾದರೆ ಬೋರ್ಡ್ ಇಲ್ಲದ ಬಾಗಿಲು? ಅದನ್ನು ದಾಟಬಹುದು. ಕ್ಲಾಸ್‌ರೂಮ್, ಲೈಬ್ರರಿ, ಕ್ಯಾಂಟೀನ್ ಬಹುಪಾಲು ಈ ಎರಡನೇ ಗುಂಪಿಗೆ ಸೇರುತ್ತವೆ. ಪಿಸ್ತೂಲ್ ತರಬಹುದು ಅನ್ನುವುದೇ ಅಲ್ಲಿ ನಿಯಮ. ಬೇಡ ಅನ್ನುವುದಾದರೆ ಅದನ್ನು ಬರೆದು ತಗುಲಿಸಬೇಕು, ಯಾಕೆ ಬೇಡ ಎಂದು ಸಮಜಾಯಿಷಿ ಕೊಡಬೇಕು. ಇದಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ಕ್ಯಾಂಪಸ್ ಕ್ಯಾರಿ.

ನಮ್ಮವರಿಗೆ ಇದು ದೂರದ ಸುದ್ದಿಯಲ್ಲ. ಡಾಲಸ್, ಆರ್ಲಿಂಗ್ಟನ್, ಆಸ್ಟಿನ್, ಕಾಲೇಜ್ ಸ್ಟೇಷನ್ ಅನ್ನುವ ಊರುಗಳ ಹೆಸರು ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ದಿನವೂ ಕೇಳಿಬರುತ್ತವೆ. ಎಂ.ಎಸ್. ಮಾಡಲು ಅಲ್ಲಿಗೆ ಹೋದ ಮಗನೋ ಮಗಳೋ ಫೋನ್‌ನಲ್ಲಿ "ಇಲ್ಲಿ ಕ್ಲಾಸ್‌ಗೆ ಗನ್ ತರಬಹುದಂತೆ ಅಮ್ಮ" ಅಂದಾಗ ಎದೆ ಧಸಕ್ ಅನ್ನುವುದು ಸಹಜ. ಹೆದರುವ ಮೊದಲು ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಆಮೇಲೆ, ಯಾರೂ ಜಾಸ್ತಿ ಮಾತಾಡದ ಒಂದು ವಿಷಯಕ್ಕೆ ಬರೋಣ. ಅದು ದುಡ್ಡಿನ ವಿಷಯ.

ಒಂದು ದೇಶ, ಹಲವು ಕಾನೂನು

ಅಮೆರಿಕದಲ್ಲಿ ಶಾಲೆಗಳ ಸುತ್ತಮುತ್ತ ಬಂದೂಕು ತರಬಾರದು ಅನ್ನುವ ಕೇಂದ್ರ ಕಾನೂನು 1990ರಿಂದ ಇದೆ. ಅದು ಹನ್ನೆರಡನೇ ತರಗತಿಯವರೆಗಿನ ಶಾಲೆಗಳಿಗೆ ಮಾತ್ರ. ಕಾಲೇಜಿನ ವಿಷಯವನ್ನು ಆಯಾ ರಾಜ್ಯಕ್ಕೆ ಬಿಡಲಾಗಿದೆ. ಹಾಗಾಗಿ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ನಲ್ಲಿ ಜೈಲಿಗೆ ಕಳಿಸುವ ಕೆಲಸ ಯೂಟಾದ ಕ್ಯಾಂಪಸ್‌ನಲ್ಲಿ ಹಕ್ಕು.

ಮೊದಲು ಬಾಗಿಲು ತೆರೆದಿದ್ದು ಯೂಟಾ. 2004ರಲ್ಲಿ ಅಲ್ಲಿನ ಶಾಸನಸಭೆ ಸರ್ಕಾರಿ ವಿಶ್ವವಿದ್ಯಾಲಯಗಳ ಕೈಯಿಂದ ನಿಷೇಧಿಸುವ ಅಧಿಕಾರವನ್ನೇ ಕಿತ್ತುಕೊಂಡಿತು. ಯೂಟಾ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು, 2006ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಸೋತಿತು. ಆದರೆ ಇದು ದೇಶದ ಚರ್ಚೆಯಾಗಿದ್ದು 2007ರ ಏಪ್ರಿಲ್ 16ರ ನಂತರ. ಅವತ್ತು ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ಸತ್ತವರಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದ, ತಮಿಳುನಾಡು ಮೂಲದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಇದ್ದರು. ಮುಂಬೈನಿಂದ ಓದಲು ಹೋಗಿದ್ದ ಹುಡುಗಿಯೊಬ್ಬಳೂ ಇದ್ದಳು. ಆ ಕ್ಯಾಂಪಸ್‌ನಲ್ಲಿ ಬಂದೂಕು ತರುವಂತಿರಲಿಲ್ಲ. "ಕೊಲ್ಲಲು ಬಂದವನು ನಿಯಮ ನೋಡಲಿಲ್ಲ, ನಿಯಮ ಪಾಲಿಸಿದವರು ಬರಿಗೈಲಿ ಸಿಕ್ಕಿಬಿದ್ದರು" ಅನ್ನುವ ವಾದ ಹುಟ್ಟಿದ್ದು ಅಲ್ಲಿಂದ. ಅದೇ ವರ್ಷ ಈ ಬೇಡಿಕೆಗಾಗಿಯೇ ವಿದ್ಯಾರ್ಥಿಗಳ ಒಂದು ಸಂಘಟನೆಯೂ ಶುರುವಾಯಿತು.

ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನೆವಾಡಾ ರಾಜ್ಯದ ರೀನೊದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಅವಳ ಹತ್ತಿರ ಲೈಸೆನ್ಸ್ ಇತ್ತು. ಕ್ಯಾಂಪಸ್‌ನಲ್ಲಿ ನಿಷೇಧ ಅಂತ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. 2007ರಲ್ಲಿ ರಾತ್ರಿ ಕ್ಲಾಸ್ ಮುಗಿಸಿ ಬರುವಾಗ ಪಾರ್ಕಿಂಗ್ ಕಟ್ಟಡದಲ್ಲಿ, ಕ್ಯಾಂಪಸ್ ಪೊಲೀಸ್ ಆಫೀಸಿನ ಹತ್ತಿರದಲ್ಲೇ, ಅವಳ ಮೇಲೆ ಅತ್ಯಾಚಾರ ನಡೆಯಿತು. ಮುಂದೆ ಅವಳೇ ಶಾಸಕರ ಮುಂದೆ ನಿಂತು ಇದನ್ನು ಹೇಳಿದಳು. ಅವಳ ಮಾತಿಗೆ ಅಂಕಿಅಂಶದಲ್ಲಿ ಉತ್ತರ ಕೊಡುವುದು ಕಷ್ಟ. ಕೊಡಲೂಬಾರದು.

ಮುಂದಿನ ವರ್ಷಗಳಲ್ಲಿ ಒಂದೊಂದೇ ರಾಜ್ಯ ಸೇರಿಕೊಂಡವು. 2011ರಲ್ಲಿ ವಿಸ್ಕಾನ್ಸಿನ್ ಮತ್ತು ಮಿಸಿಸಿಪ್ಪಿ, 2014ರಲ್ಲಿ ಐಡಹೊ, 2015ರಲ್ಲಿ ಟೆಕ್ಸಸ್, 2017ರಲ್ಲಿ ಜಾರ್ಜಿಯಾ ಮತ್ತು ಅರ್ಕಾನ್ಸಾ, 2023ರಲ್ಲಿ ವೆಸ್ಟ್ ವರ್ಜೀನಿಯಾ. ಒಂದೊಂದು ಕಡೆ ಒಂದೊಂದು ಷರತ್ತು. ವಿಸ್ಕಾನ್ಸಿನ್‌ನಲ್ಲಿ ವಿಶ್ವವಿದ್ಯಾಲಯ ಕಟ್ಟಡಗಳಿಗೆ ಬೋರ್ಡ್ ಹಾಕಿ ತಡೆಯಬಹುದು. ಟೆನೆಸಿಯಲ್ಲಿ ವಿದ್ಯಾರ್ಥಿಗಳಿಗೆ ಅವಕಾಶವಿಲ್ಲ, ಪೂರ್ಣಾವಧಿ ನೌಕರರಿಗೆ ಮಾತ್ರ. ಕೊಲೊರಾಡೊ ಮಾತ್ರ ಹಿಂದಕ್ಕೆ ತಿರುಗಿತು. 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪಿನಿಂದ ತೆರೆದಿದ್ದ ಬಾಗಿಲನ್ನು 2024ರ ಹೊಸ ಕಾನೂನಿನಿಂದ ಮುಚ್ಚಿತು.

ಟೆಕ್ಸಸ್‌ನ ಒಳನೋಟ

ಟೆಕ್ಸಸ್‌ನ ಕಾನೂನನ್ನು ಎಸ್‌ಬಿ 11 ಅನ್ನುತ್ತಾರೆ. 2015ರ ಜೂನ್‌ನಲ್ಲಿ ಗವರ್ನರ್ ಗ್ರೆಗ್ ಆಬಟ್ ಸಹಿ ಹಾಕಿದರು. ಜಾರಿಗೆ ಬಂದಿದ್ದು 2016ರ ಆಗಸ್ಟ್ 1ಕ್ಕೆ. ಆಸ್ಟಿನ್‌ನಲ್ಲಿ ಆ ದಿನಾಂಕ ಕೇಳಿದರೆ ವಯಸ್ಸಾದವರು ಈಗಲೂ ಮೌನವಾಗುತ್ತಾರೆ. ಸರಿಯಾಗಿ 50 ವರ್ಷದ ಹಿಂದೆ, 1966ರ ಆಗಸ್ಟ್ 1ರಂದು, ಚಾರ್ಲ್ಸ್ ವಿಟ್ಮನ್ ಎಂಬಾತ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಕೆಳಗಿದ್ದವರ ಮೇಲೆ ಒಂದೂವರೆ ಗಂಟೆ ಗುಂಡು ಹಾರಿಸಿದ್ದ. ಆಗ ಊರಿನ ಜನ ಮನೆಗಳಿಂದ ರೈಫಲ್ ತಂದು ಗೋಪುರದ ಕಡೆ ತಿರುಗಿ ಹೊಡೆದರು. ಅದರಿಂದ ಅವನು ತಲೆ ತಗ್ಗಿಸಿ ಅಡಗಬೇಕಾಯಿತು ಅಂತ ಬೆಂಬಲಿಗರು ಹೇಳುತ್ತಾರೆ. ಗೋಪುರ ಹತ್ತಿದ ಪೊಲೀಸರಿಗೆ ಕೆಳಗಿನ ಆ ಗುಂಡುಗಳೂ ಅಪಾಯವಾಗಿದ್ದವು ಅಂತ ವಿರೋಧಿಗಳು ಹೇಳುತ್ತಾರೆ. ಎರಡೂ ನಿಜ. ಒಂದು ವಿಷಯ ಮಾತ್ರ ಎಲ್ಲರೂ ಒಪ್ಪುವಂಥದ್ದು. ಅಲ್ಲಿಯವರೆಗೆ ಅಮೆರಿಕದ ಕ್ಯಾಂಪಸ್ ಕಾವಲು ಅಂದರೆ ಬಹುಮಟ್ಟಿಗೆ ಬೀಗ ಹಾಕಿ ತೆಗೆಯುವ ವಾಚ್‌ಮನ್‌ಗಳ ಕೆಲಸ. ಮರುವರ್ಷ, 1967ರಲ್ಲಿ, ಟೆಕ್ಸಸ್ ತನ್ನ ವಿಶ್ವವಿದ್ಯಾಲಯಗಳಿಗೆ ಸ್ವಂತ ಪೊಲೀಸ್ ಪಡೆ ಕಟ್ಟುವ ಅಧಿಕಾರ ಕೊಟ್ಟಿತು. ಕ್ಯಾಂಪಸ್ ಭದ್ರತೆ ಅನ್ನುವುದು ಬಜೆಟ್ಟಿನಲ್ಲಿ ದೊಡ್ಡ ಬಾಬ್ತಾಗಿ ಬೆಳೆದದ್ದು ಅಲ್ಲಿಂದ ಮುಂದೆ.

ಎಸ್‌ಬಿ 11ಕ್ಕೆ ಮೊದಲೂ ಲೈಸೆನ್ಸ್ ಇದ್ದವರು ಕ್ಯಾಂಪಸ್‌ನ ಬಯಲಲ್ಲಿ, ರಸ್ತೆಯಲ್ಲಿ ಪಿಸ್ತೂಲ್ ಇಟ್ಟುಕೊಂಡು ಓಡಾಡಬಹುದಿತ್ತು. ಹೊಸ ಕಾನೂನು ಕಟ್ಟಡಗಳ ಒಳಗೂ ಬಿಟ್ಟಿತು. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನ ಬೀದಿಗಳಲ್ಲಿ ಪಿಸ್ತೂಲ್ ಇಟ್ಟುಕೊಳ್ಳಲು ಲೈಸೆನ್ಸೇ ಬೇಡ. ಕ್ಯಾಂಪಸ್ ಕಟ್ಟಡದೊಳಗೆ ಮಾತ್ರ ಈಗಲೂ ಬೇಕೇ ಬೇಕು. ಲೈಸೆನ್ಸ್ ಪಡೆಯಲು ನಾಲ್ಕರಿಂದ ಆರು ಗಂಟೆಯ ಪಾಠ, ಒಂದು ಗುಂಡು ಹಾರಿಸುವ ಪರೀಕ್ಷೆ, ಹಿನ್ನೆಲೆ ಪರಿಶೀಲನೆ. ಪಿಸ್ತೂಲ್ ಹೊರಗೆ ಕಾಣಲೇಬಾರದು. ಬೇಕೆಂದೇ ತೋರಿಸಿದರೆ ಅಪರಾಧ.

ಆಸ್ಟಿನ್‌ನ ವಿಶ್ವವಿದ್ಯಾಲಯ ಇದರ ಮೇಲೆ ಇನ್ನೂ ಸಣ್ಣ ಸಣ್ಣ ನಿಯಮ ಬರೆಯಿತು. ಪಿಸ್ತೂಲ್ ಇರುವ ಹೋಲ್‌ಸ್ಟರ್ ಟ್ರಿಗರ್ ಭಾಗವನ್ನು ಪೂರ್ತಿ ಮುಚ್ಚಬೇಕು, ಬಗ್ಗಿದರೂ ಕುಣಿದರೂ ಜಾರಿ ಬೀಳದಷ್ಟು ಬಿಗಿಯಾಗಿರಬೇಕು. ಬ್ಯಾಗ್‌ನಲ್ಲಿಟ್ಟರೆ ಆ ಬ್ಯಾಗ್ ಸದಾ ಕೈಗೆಟಕುವಷ್ಟು ಹತ್ತಿರವಿರಬೇಕು. ಅಪಾಯಕಾರಿ ರಾಸಾಯನಿಕವಿರುವ ಲ್ಯಾಬ್, ರೋಗಿಗಳನ್ನು ನೋಡುವ ಜಾಗ, ಚಿಕ್ಕ ಮಕ್ಕಳ ಕೇಂದ್ರ, ಟಿಕೆಟ್ ಇಟ್ಟ ಕ್ರೀಡಾಕೂಟ ಇಲ್ಲೆಲ್ಲ ಬೇಡ. ಹಾಸ್ಟೆಲ್‌ನಲ್ಲಿ ಇರುವ ವಿದ್ಯಾರ್ಥಿಗಳಿಗೆ ಬೇಡ, ಆದರೆ ನೋಡಲು ಬಂದ ಅಪ್ಪ–ಅಮ್ಮನಿಗೆ ಲೈಸೆನ್ಸ್ ಇದ್ದರೆ ಪರವಾಗಿಲ್ಲ. ತನಗೊಬ್ಬರಿಗೇ ಅಂತ ಆಫೀಸ್ ಇರುವ ಪ್ರೊಫೆಸರ್ ತನ್ನ ಕೋಣೆಯಲ್ಲಿ ಬೇಡ ಅನ್ನಬಹುದು, ಆದರೆ ಬಂದವರಿಗೆ ಬಾಯಿಬಿಟ್ಟು ಹೇಳಬೇಕು.

ಪಿಸ್ತೂಲಿನ ಚೇಂಬರ್‌ನಲ್ಲಿ, ಅಂದರೆ ಹಾರಲು ಸಿದ್ಧವಾಗಿ ಗುಂಡು ಕೂರುವ ಜಾಗದಲ್ಲಿ, ಗುಂಡು ಇರಬಾರದು ಅನ್ನುವ ಇನ್ನೊಂದು ನಿಯಮವನ್ನೂ ವಿಶ್ವವಿದ್ಯಾಲಯದ ಸಮಿತಿ ಸೂಚಿಸಿತ್ತು. ಮ್ಯಾಗಜಿನ್‌ನಲ್ಲಿ (ಗುಂಡು ತುಂಬಿಡುವ ಡಬ್ಬಿ) ಗುಂಡು ಇದ್ದರೂ ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆ ಎಳೆದು ಬಿಟ್ಟರೆ ಮಾತ್ರ ಅದು ಚೇಂಬರ್‌ಗೆ ಬರುತ್ತದೆ. ಅಲ್ಲಿಯವರೆಗೆ ಟ್ರಿಗರ್‌ಗೆ ಏನೋ ತಾಗಿ ಆಕಸ್ಮಿಕವಾಗಿ ಸಿಡಿಯುವುದಿಲ್ಲ. ಅಪಘಾತ ತಡೆಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ತುರ್ತಿನಲ್ಲಿ ಆ ಒಂದು ಕ್ಷಣವೂ ನಷ್ಟವೇ ಅನ್ನುವುದು ಎದುರು ಪಕ್ಷದ ಮಾತು. 2016ರ ಜುಲೈನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಆ ನಿಯಮವನ್ನು ಕಿತ್ತುಹಾಕಿತು. ಎಷ್ಟು ಅಪರೂಪದ ಅಪಾಯಕ್ಕಾಗಿ ಎಷ್ಟು ದಿನನಿತ್ಯದ ಅಪಾಯವನ್ನು ಒಪ್ಪಿಕೊಳ್ಳುತ್ತೇವೆ ಅನ್ನುವ ಇಡೀ ಜಗಳ ಈ ಒಂದು ಗುಂಡಿನಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಅಪಘಾತ ಅನ್ನುವುದು ಬರೀ ಊಹೆಯಲ್ಲ. ಐಡಹೊದಲ್ಲಿ ಕಾನೂನು ಜಾರಿಗೆ ಬಂದ ಎರಡೇ ತಿಂಗಳಲ್ಲಿ, 2014ರ ಸೆಪ್ಟೆಂಬರ್‌ನಲ್ಲಿ, ಪೊಕಟೆಲ್ಲೊದ ಐಡಹೊ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಕೆಮಿಸ್ಟ್ರಿ ಅಧ್ಯಾಪಕರ ಜೇಬಿನಲ್ಲಿದ್ದ ಪಿಸ್ತೂಲ್ ಕ್ಲಾಸ್ ನಡೆಯುತ್ತಿರುವಾಗಲೇ ಸಿಡಿದು ಅವರ ಕಾಲಿಗೇ ಗುಂಡು ತಗುಲಿತು. ಜಾಸ್ತಿ ತರಬೇತಿ ಬೇಡುವ ವಿಶೇಷ ಲೈಸೆನ್ಸ್ ಅವರ ಹತ್ತಿರ ಇತ್ತು. ಟೆಕ್ಸಸ್‌ನ ಟಾರ್ಲ್‌ಟನ್ ಸ್ಟೇಟ್‌ನಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಹಾಸ್ಟೆಲ್ ಕೋಣೆಯೊಳಗೆ ಹೀಗೇ ಒಂದು ಗುಂಡು ಹಾರಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕ್ಲಾಸ್‌ನಲ್ಲಿ ಅಂಕಗಳ ವಿಷಯಕ್ಕೆ ಜಗಳವಾಗಿ ಗುಂಡು ಹಾರುತ್ತದೆ ಅಂತ ಹೆದರಿದ್ದವರ ಭಯ ನಿಜವಾಗಲಿಲ್ಲ. ಆಸ್ಟಿನ್‌ನಂಥ 50,000 ವಿದ್ಯಾರ್ಥಿಗಳ ಕ್ಯಾಂಪಸ್‌ನಲ್ಲಿ ಲೈಸೆನ್ಸ್ ಇರುವವರು ಶೇಕಡ 1ಕ್ಕಿಂತ ಕಡಿಮೆ ಅಂತ ವಿಶ್ವವಿದ್ಯಾಲಯದ ಸಮಿತಿಯೇ ಅಂದಾಜು ಮಾಡಿತ್ತು. ದಿನನಿತ್ಯದ ಬದುಕು ಬಹುತೇಕ ಮೊದಲಿನಂತೆಯೇ ಸಾಗಿತು.

ಆದರೂ ಕೆಲವರು ಬಿಟ್ಟುಹೋದರು. ಆಸ್ಟಿನ್‌ನ ಆರ್ಕಿಟೆಕ್ಚರ್ ವಿಭಾಗದ ಡೀನ್ ಫ್ರಿಟ್ಜ್ ಸ್ಟೈನರ್ ಪೆನ್ಸಿಲ್ವೇನಿಯಾಕ್ಕೆ ಹೋಗುವಾಗ ಈ ಕಾನೂನೂ ಒಂದು ಕಾರಣ ಅಂದರು. ಮೂವರು ಅಧ್ಯಾಪಕಿಯರು ಕೇಸ್ ಹಾಕಿದರು. ಎದುರಿಗೆ ಕೂತವರ ಹತ್ತಿರ ಗನ್ ಇರಬಹುದು ಅನ್ನುವ ಭಯದಲ್ಲಿ ಕ್ಲಾಸ್‌ನಲ್ಲಿ ಬಿಚ್ಚುಮನಸ್ಸಿನ ಚರ್ಚೆ ಆಗುವುದಿಲ್ಲ ಅನ್ನುವುದು ಅವರ ವಾದ. 2018ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಲಿಲ್ಲ.

ಬಿಲ್ ಬರುವುದು ಬಾಗಿಲಿನ ಹೆಸರಿನಲ್ಲಿ

ಈಗ ದುಡ್ಡಿನ ಮಾತು. ಪಿಸ್ತೂಲ್ ತರುವವರು ತಮ್ಮ ಪಿಸ್ತೂಲ್, ತಮ್ಮ ಲೈಸೆನ್ಸ್ ಖರ್ಚು ತಾವೇ ಹಾಕಿಕೊಳ್ಳುತ್ತಾರೆ. ಹಾಗಿದ್ದರೆ ಕಾಲೇಜಿಗೆ ಎಲ್ಲಿಂದ ಖರ್ಚು ಬರುತ್ತದೆ? ಪಿಸ್ತೂಲ್ ಬಾರದಂತೆ ನೋಡಿಕೊಳ್ಳಬೇಕಾದ ಪ್ರತಿ ಬಾಗಿಲಿನಿಂದ ಬರುತ್ತದೆ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಾನ್ಸಾಸ್‌ನಲ್ಲಿ. ಅಲ್ಲಿನ ಶಾಸನಸಭೆ 2013ರಲ್ಲಿ ಮಾಡಿದ ಕಾನೂನಿನ ಪ್ರಕಾರ ಸರ್ಕಾರಿ ಕಟ್ಟಡದಲ್ಲಿ ಬಚ್ಚಿಟ್ಟ ಪಿಸ್ತೂಲ್ ಬೇಡ ಅನ್ನಲು ಬೋರ್ಡ್ ಹಾಕಿದರೆ ಸಾಲದು. ಸಾರ್ವಜನಿಕರು ಬರುವ ಬಾಗಿಲುಗಳಲ್ಲಿ ತಪಾಸಣೆ ಇರಬೇಕು. ಮೆಟಲ್ ಡಿಟೆಕ್ಟರ್‌ನಂಥ ಉಪಕರಣವೂ ಬೇಕು, ಅದರ ಪಕ್ಕ ಸಿಬ್ಬಂದಿಯೂ ಬೇಕು. ಅದು ಇಲ್ಲವಾದರೆ ಬಾಗಿಲು ಪಿಸ್ತೂಲಿಗೂ ತೆರೆದದ್ದೇ. ವಿಶ್ವವಿದ್ಯಾಲಯಗಳಿಗೆ ನಾಲ್ಕು ವರ್ಷದ ವಿನಾಯಿತಿ ಸಿಕ್ಕಿತು, 2017ರ ಜುಲೈ 1ಕ್ಕೆ ಅದು ಮುಗಿಯಿತು.

ಇದರ ಲೆಕ್ಕವನ್ನು ನಾವೇ ಹಾಕಿ ನೋಡೋಣ. ಇದು ಯಾವ ಕಾಲೇಜಿನ ದಾಖಲೆಯೂ ಅಲ್ಲ, ಖರ್ಚು ಹೇಗೆ ಬೆಳೆಯುತ್ತದೆ ಅಂತ ತಿಳಿಯಲು ಒಂದು ಉದಾಹರಣೆ ಮಾತ್ರ. ಒಂದು ಬಾಗಿಲು ದಿನಕ್ಕೆ 12 ಗಂಟೆ, ವಾರಕ್ಕೆ 5 ದಿನ ತೆರೆದಿರುತ್ತದೆ ಅಂದುಕೊಳ್ಳಿ. ವಾರಕ್ಕೆ 60 ಗಂಟೆ. ಒಬ್ಬರು ಯಂತ್ರ ನೋಡಲು, ಒಬ್ಬರು ಬ್ಯಾಗ್ ನೋಡಲು, ಹೀಗೆ ಇಬ್ಬರು. 120 ಗಂಟೆಯ ಸಂಬಳ. ಕ್ಲಾಸ್ ನಡೆಯುವ 30 ವಾರಕ್ಕೆ 3,600 ಗಂಟೆ. ಗಂಟೆಗೆ 20 ಡಾಲರ್ ಅಂತ ಹಿಡಿದರೂ ವರ್ಷಕ್ಕೆ 72,000 ಡಾಲರ್. ಇದು ಒಂದೇ ಬಾಗಿಲಿಗೆ, ಯಂತ್ರದ ಬೆಲೆ ಬಿಟ್ಟು. ಒಂದು ಕಟ್ಟಡಕ್ಕೆ 5 ಬಾಗಿಲು ಇದ್ದರೆ 3 ಲಕ್ಷ 60 ಸಾವಿರ. ಅಂಥ 100 ಕಟ್ಟಡ ಇದ್ದರೆ 3 ಕೋಟಿ 60 ಲಕ್ಷ ಡಾಲರ್. ಪ್ರತಿ ವರ್ಷ.

ಹತ್ತು ಗಂಟೆಯ ಕ್ಲಾಸ್‌ಗೆ 300 ಜನ ಒಂದೇ ಸಲ ಬರುತ್ತಾರೆ ಅನ್ನುವುದನ್ನು ಇನ್ನೂ ಸೇರಿಸಿಲ್ಲ. ವಿಮಾನ ನಿಲ್ದಾಣದ ಕ್ಯೂ ನೆನಪಿಸಿಕೊಂಡರೆ ಸಾಕು. ವಿಶ್ವವಿದ್ಯಾಲಯ ಅಂದರೆ ಒಂದೇ ಗೇಟಿನ ಕೋಟೆಯಲ್ಲ. ಜನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹತ್ತು ನಿಮಿಷದಲ್ಲಿ ಓಡುವ ಜಾಗ ಅದು.

ಹಾಗಾಗಿ ಕಾನ್ಸಾಸ್‌ನ ವಿಶ್ವವಿದ್ಯಾಲಯಗಳ ಮುಂದೆ ಕಾಗದದ ಮೇಲೆ ಎರಡು ದಾರಿ ಇದ್ದವು, ನಿಜಕ್ಕೂ ಒಂದೇ ಇತ್ತು. ಕ್ಲಾಸ್‌ರೂಮ್ ಕಟ್ಟಡಗಳನ್ನೆಲ್ಲ ಪಿಸ್ತೂಲಿಗೆ ಬಿಟ್ಟುಕೊಟ್ಟವು. ದೊಡ್ಡ ಪಂದ್ಯಗಳಂಥ ಕೆಲವೇ ಸಂದರ್ಭಕ್ಕೆ ಮೆಟಲ್ ಡಿಟೆಕ್ಟರ್, ಗಾರ್ಡ್‌ಗಳನ್ನು ಹೊಂದಿಸಿದವು. ರಾಜ್ಯದ ಮಾನಸಿಕ ಆಸ್ಪತ್ರೆಗಳಿಗೂ ಇದೇ ಗತಿ ಬಂದಿತ್ತು. ರೋಗಿಗಳ ನಡುವೆ ಪಿಸ್ತೂಲ್ ಬೇಡ ಅಂದರೆ ಬಾಗಿಲುಗಳ ಕಾವಲಿಗೆ ಕೋಟಿಗಟ್ಟಲೆ ಡಾಲರ್ ಬೇಕಾಗುತ್ತಿತ್ತು. ಆ ಅಂಕಿ ನೋಡಿದ ಮೇಲೆ ಶಾಸಕರೇ 2017ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೂ ಕಾನ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಗೂ ಶಾಶ್ವತ ವಿನಾಯಿತಿ ಕೊಟ್ಟರು. ಅಂದರೆ, ಬೇಡ ಅನ್ನುವ ಹಕ್ಕು ಬೇಕಿದ್ದರೆ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು ಅನ್ನುವ ನಿಯಮ ನಡೆಯುವುದಿಲ್ಲ ಅಂತ ಅವರಿಗೂ ಗೊತ್ತಾಯಿತು. ಕಾಲೇಜುಗಳಿಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಐಡಹೊದಲ್ಲಿ ಖರ್ಚು ಬೇರೆ ದಾರಿಯಿಂದ ಬಂತು. ಅಲ್ಲಿ ಪೊಲೀಸ್ ಅಧಿಕಾರಿಗಳ, ವಿಶ್ವವಿದ್ಯಾಲಯಗಳ ಮುಖ್ಯಸ್ಥರ ವಿರೋಧ ಎಲ್ಲ ದಾಟಿ ಕಾನೂನು ಬಂತು. ಅಲ್ಲಿಯವರೆಗೆ ಕೆಲವು ಕ್ಯಾಂಪಸ್‌ಗಳಲ್ಲಿ ಕಾವಲುಗಾರರ ಹತ್ತಿರ ಬಂದೂಕೇ ಇರಲಿಲ್ಲ. ಎದುರಿಗೆ ಬರುವ ಯಾರ ಹತ್ತಿರ ಬೇಕಾದರೂ ಪಿಸ್ತೂಲ್ ಇರಬಹುದು ಅಂದ ಮೇಲೆ ಬರಿಗೈಯ ಕಾವಲುಗಾರನನ್ನು ಜಗಳ ಬಿಡಿಸಲು ಕಳಿಸಲು ಆಗುತ್ತದಾ? ಹಾಗಾಗಿ ಶಸ್ತ್ರ, ತರಬೇತಿ, ಗುಂಡುನಿರೋಧಕ ಜಾಕೆಟ್, ಹೊಸ ಹುದ್ದೆ. ಐದು ಸರ್ಕಾರಿ ಸಂಸ್ಥೆಗಳು ಸೇರಿ 37 ಲಕ್ಷ ಡಾಲರ್‌ಗೂ ಜಾಸ್ತಿ ಬೇಕು ಎಂದು ಲೆಕ್ಕ ಒಪ್ಪಿಸಿದವು. ಟೆಕ್ಸಸ್‌ನಲ್ಲಿ ಮಸೂದೆ ಚರ್ಚೆಯಲ್ಲಿದ್ದಾಗ ವಿಶ್ವವಿದ್ಯಾಲಯಗಳು ಮಾಡಿದ ಅಂದಾಜು ಆರು ವರ್ಷಕ್ಕೆ ಸುಮಾರು 4 ಕೋಟಿ 70 ಲಕ್ಷ ಡಾಲರ್. ಅದರಲ್ಲಿ ದೊಡ್ಡ ಪಾಲು ಹೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಂಥ ವೈದ್ಯಕೀಯ ಸಂಸ್ಥೆಗಳದ್ದು. ಅಂದಾಜು ಸ್ವಲ್ಪ ಹೆಚ್ಚೇ ಇತ್ತು ಅಂತ ಬೆಂಬಲಿಗರು ಅಂದರು. ಇರಬಹುದು. ಆದರೆ ಕಾನೂನಿನ ಜೊತೆಗೆ ಇದಕ್ಕೆಂದೇ ಹಣ ಬರಲಿಲ್ಲ. ಬೋರ್ಡಿನಿಂದ ಹಿಡಿದು ಸಿಬ್ಬಂದಿಯ ತರಬೇತಿಯವರೆಗೆ ಎಲ್ಲವನ್ನೂ ಕಾಲೇಜು ತನ್ನಲ್ಲಿದ್ದ ದುಡ್ಡಿನಲ್ಲೇ ಮಾಡಬೇಕಾಯಿತು. ಆ ದುಡ್ಡು ಫೀಸ್ ಮತ್ತು ತೆರಿಗೆಯಿಂದ ಬಂದದ್ದು ತಾನೆ?

ವೆಸ್ಟ್ ವರ್ಜೀನಿಯಾದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಸ್ಟೆಲ್‌ನಲ್ಲಿ ಇರುವವರ ಪಿಸ್ತೂಲ್ ಭದ್ರವಾಗಿಡಲು ಕಾಲೇಜೇ ಲಾಕರ್ ಅಥವಾ ಸೇಫ್ ವ್ಯವಸ್ಥೆ ಮಾಡಬೇಕು ಅಂದಿತು. ಆಸ್ಟಿನ್‌ನವರು ಇಂಥ ಲಾಕರ್ ಬೇಡವೇ ಬೇಡ ಅಂದಿದ್ದರು. ತೆಗೆದು ಇಡುವಾಗಲೇ ಅಪಘಾತ ಜಾಸ್ತಿ ಅನ್ನುವುದು ಅವರ ಕಾರಣ.

ಖಾಸಗಿ ವಿಶ್ವವಿದ್ಯಾಲಯಗಳು ಏನು ಮಾಡಿದವು ಅಂತ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಟೆಕ್ಸಸ್ ಕಾನೂನು ಅವುಗಳಿಗೆ ಬೇಡ ಅನ್ನುವ ಸ್ವಾತಂತ್ರ್ಯ ಕೊಟ್ಟಿತು. ರೈಸ್, ಬೇಲರ್, ಸದರ್ನ್ ಮೆಥಡಿಸ್ಟ್, ಟೆಕ್ಸಸ್ ಕ್ರಿಶ್ಚಿಯನ್ ಹೀಗೆ ಹೆಚ್ಚುಕಡಿಮೆ ಎಲ್ಲವೂ ಬೇಡ ಅಂದವು. ಇವುಗಳಲ್ಲಿ ಸಂಪ್ರದಾಯಸ್ಥ ಚರ್ಚ್‌ಗಳ ಹಿನ್ನೆಲೆಯವೂ ಇವೆ. ಆಯ್ಕೆ ಕೈಯಲ್ಲಿದ್ದಾಗ ಕಾಲೇಜು ನಡೆಸುವವರು ಏನು ಆರಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಒಸಾಮ ಬಿನ್ ಲಾಡೆನ್ ಮೇಲಿನ ಕಾರ್ಯಾಚರಣೆಯ ಉಸ್ತುವಾರಿ ವಹಿಸಿದ್ದ ಅಡ್ಮಿರಲ್ ವಿಲಿಯಂ ಮ್ಯಾಕ್‌ರೇವನ್ ಆಗ ಟೆಕ್ಸಸ್ ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್. ಜೀವನವಿಡೀ ಬಂದೂಕಿನ ಜೊತೆ ಕಳೆದ ಅವರೂ ಈ ಕಾನೂನು ಬೇಡ ಅಂತಲೇ ಶಾಸಕರಿಗೆ ಬರೆದರು.

ಪಿಸ್ತೂಲ್ ಇದ್ದರೆ ದಾಳಿ ನಿಲ್ಲುತ್ತದಾ?

ಖರ್ಚು ಎಷ್ಟೇ ಆಗಲಿ, ಜೀವ ಉಳಿಯುವುದಾದರೆ ಆಗಲಿ ಬಿಡಿ ಅನ್ನಬಹುದು. ನ್ಯಾಯವಾದ ಮಾತು. ಆದರೆ ಉಳಿಯುತ್ತದಾ?

ಎಫ್‌ಬಿಐ 2000ದಿಂದ 2013ರವರೆಗೆ ನಡೆದ 160 ಗುಂಡಿನ ದಾಳಿಗಳನ್ನು ಒಂದೊಂದಾಗಿ ನೋಡಿತು. ಪೊಲೀಸರಲ್ಲದ ಶಸ್ತ್ರಧಾರಿಗಳು ಗುಂಡು ಹಾರಿಸಿ ಕೊನೆಗೊಳಿಸಿದ ದಾಳಿ 5. ಆ ಐದರಲ್ಲೂ ಹೆಚ್ಚಿನವರು ಸೆಕ್ಯುರಿಟಿ ಗಾರ್ಡ್‌ಗಳು. ಕೈಯಲ್ಲಿ ಏನೂ ಇಲ್ಲದ ಜನ ಮೇಲೆ ಬಿದ್ದು ಹಿಡಿದು ನಿಲ್ಲಿಸಿದ ದಾಳಿ 21. ತರಬೇತಾದ ಪೊಲೀಸರ ಗುರಿ ಕೂಡ ನಿಜವಾದ ಗುಂಡಿನ ಚಕಮಕಿಯಲ್ಲಿ ತಪ್ಪುತ್ತದೆ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ ಮಾಡಿದ ಅಧ್ಯಯನದಲ್ಲಿ, ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಗುರಿ ಮುಟ್ಟಿದ್ದು ನೂರಕ್ಕೆ 18. ಉಳಿದವು ಎಲ್ಲೋ ಹೋಗಿ ಬಿದ್ದವು. ಆರು ಗಂಟೆ ಪಾಠ ಕೇಳಿದವರ ಕೈ ತುಂಬಿದ ಕ್ಲಾಸ್‌ನಲ್ಲಿ ಹೇಗಿರುತ್ತದೆ ಅಂತ ಯೋಚಿಸಿ.

2015ರ ಅಕ್ಟೋಬರ್‌ನಲ್ಲಿ ಆರೆಗನ್‌ನ ಅಂಪ್‌ಕ್ವಾ ಕಮ್ಯುನಿಟಿ ಕಾಲೇಜಿನಲ್ಲಿ 9 ಜನರ ಹತ್ಯೆಯಾಯಿತು. ಅವತ್ತು ಅದೇ ಕ್ಯಾಂಪಸ್‌ನಲ್ಲಿ ಸೈನ್ಯದಿಂದ ಬಂದ ಒಬ್ಬ ವಿದ್ಯಾರ್ಥಿ ಇದ್ದ, ಅವನ ಹತ್ತಿರ ಪಿಸ್ತೂಲೂ ಇತ್ತು. ಅವನು ಹೋಗಲಿಲ್ಲ. ಪೊಲೀಸರು ಬಂದಾಗ ತನ್ನನ್ನೇ ದಾಳಿಕೋರ ಅಂದುಕೊಂಡು ಹೊಡೆಯಬಹುದು ಅಂತ ಅವನಿಗೆ ಗೊತ್ತಿತ್ತು. ನನ್ನ ಪ್ರಕಾರ ಅವನು ಮಾಡಿದ್ದು ಸರಿ.

ಇನ್ನೊಂದು 2025ರ ಸೆಪ್ಟೆಂಬರ್ 10ರ ಘಟನೆ. ಯೂಟಾ ವ್ಯಾಲಿ ವಿಶ್ವವಿದ್ಯಾಲಯದಲ್ಲಿ ಬಲಪಂಥೀಯ ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಅವರನ್ನು ಕಾರ್ಯಕ್ರಮದ ನಡುವೆಯೇ ಗುಂಡಿಟ್ಟು ಕೊಂದರು. ಎರಡು ದಶಕದಿಂದ ಕ್ಯಾಂಪಸ್ ಕ್ಯಾರಿ ಇರುವ ರಾಜ್ಯ ಅದು. ಸುಮಾರು 3,000 ಜನ ಸೇರಿದ್ದರು. ಗುಂಡು ಬಂದದ್ದು ದೂರದ ಕಟ್ಟಡದ ಚಾವಣಿಯಿಂದ, ರೈಫಲ್‌ನಿಂದ. ಸಭೆಯಲ್ಲಿದ್ದವರ ಸೊಂಟದ ಪಿಸ್ತೂಲ್ ಅದಕ್ಕೆ ಏನೂ ಮಾಡುವಂತಿರಲಿಲ್ಲ. ಅವತ್ತು ಡ್ಯೂಟಿಯಲ್ಲಿದ್ದ ಕ್ಯಾಂಪಸ್ ಪೊಲೀಸರು 6 ಮಂದಿ. ಆ ಚಾವಣಿಯ ಮೇಲೆ ಒಬ್ಬ ಕಾವಲುಗಾರನಿದ್ದಿದ್ದರೆ? ಒಂದು ಬೀಗವಿದ್ದಿದ್ದರೆ? ಈ ಪ್ರಶ್ನೆಗಳೆಲ್ಲ ಮತ್ತೆ ಬಂದು ನಿಲ್ಲುವುದು ಸಿಬ್ಬಂದಿ ಮತ್ತು ಸಂಬಳದ ಹತ್ತಿರವೇ.

ನಿಷೇಧ ಇದ್ದ ಮಾತ್ರಕ್ಕೆ ಕ್ಯಾಂಪಸ್ ಸುರಕ್ಷಿತ ಅಂತಲೂ ಅಲ್ಲ. ಮಿಷಿಗನ್ ಸ್ಟೇಟ್‌ನಲ್ಲಿ 2023ರ ಫೆಬ್ರವರಿ 13ರಂದು ಮೂವರು ವಿದ್ಯಾರ್ಥಿಗಳು ಸತ್ತರು. ಫ್ಲಾರಿಡಾ ಸ್ಟೇಟ್‌ನಲ್ಲಿ 2025ರ ಏಪ್ರಿಲ್‌ನಲ್ಲಿ ಇಬ್ಬರು ಸತ್ತರು. ಎರಡೂ ಕಡೆ ಕಟ್ಟಡಗಳಲ್ಲಿ ಬಂದೂಕು ನಿಷಿದ್ಧವಾಗಿತ್ತು. ಬೋರ್ಡ್ ಗುಂಡನ್ನು ತಡೆಯುವುದಿಲ್ಲ. ಮಿಷಿಗನ್ ಸ್ಟೇಟ್ ಆಮೇಲೆ ಮಾಡಿದ ಕೆಲಸಗಳು ನೋಡಲು ಸಪ್ಪೆ. ಕ್ಲಾಸ್‌ರೂಮ್‌ಗಳಿಗೆ ಒಳಗಿನಿಂದ ಹಾಕುವ ಬೀಗ, ಸಂಜೆಯಾದ ಮೇಲೆ ಕಾರ್ಡ್ ಇದ್ದವರಿಗೆ ಮಾತ್ರ ತೆರೆಯುವ ಬಾಗಿಲು, ಇನ್ನಷ್ಟು ಕ್ಯಾಮೆರಾ.

ಸಪ್ಪೆ ಅನಿಸಿದರೂ ಜೀವ ಉಳಿಸುವುದು ಇಂಥವೇ. ವರ್ಜೀನಿಯಾ ಟೆಕ್‌ನ ನಾರಿಸ್ ಹಾಲ್‌ನಲ್ಲಿ 205ನೇ ಕೋಣೆಯ ವಿದ್ಯಾರ್ಥಿಗಳು ಒಂದು ಮೇಜನ್ನು ಬಾಗಿಲಿಗೆ ಒತ್ತಿ ಹಿಡಿದು ನೆಲಕ್ಕೆ ಒರಗಿದರು. ಕೊಲೆಗಾರ ಬಾಗಿಲು ತಳ್ಳಿದ, ಬಾಗಿಲ ಮೂಲಕವೇ ಗುಂಡು ಹಾರಿಸಿದ, ಒಳಗೆ ಬರಲಾಗಲಿಲ್ಲ. ಆ ಕೋಣೆಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಹತ್ತಿರದ ಇನ್ನೊಂದು ಕೋಣೆಯಲ್ಲಿ 76 ವರ್ಷದ ಪ್ರೊಫೆಸರ್ ಲಿವಿಯು ಲಿಬ್ರೆಸ್ಕು ತಮ್ಮ ಮೈಯನ್ನೇ ಬಾಗಿಲಿಗೆ ಅಡ್ಡ ಕೊಟ್ಟು, ವಿದ್ಯಾರ್ಥಿಗಳು ಕಿಟಕಿಯಿಂದ ಜಿಗಿಯುವವರೆಗೂ ತಡೆದು, ತಾವು ಪ್ರಾಣ ಕೊಟ್ಟರು. ಒಳಗಿನಿಂದ ಹಾಕುವ ಒಂದು ಚಿಲಕಕ್ಕೆ ಎಷ್ಟು ಬೆಲೆ ಅಂತ ಇದಾದ ಮೇಲೆ ಯಾರಿಗೂ ಹೇಳಬೇಕಾಗಿಲ್ಲ.

ಇನ್ನೊಂದು ಅಪಾಯ ಸುದ್ದಿಯಲ್ಲಿ ಬರುವುದೇ ಇಲ್ಲ, ಸಂಖ್ಯೆಯಲ್ಲಿ ಮಾತ್ರ ದೊಡ್ಡದು. ಕಾಲೇಜು ವಯಸ್ಸಿನವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದು. ಮಾತ್ರೆ ನುಂಗಿದವರಲ್ಲಿ ಬಹುಪಾಲು ಜನ ಬದುಕುತ್ತಾರೆ, ಗುಂಡು ಹಾರಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಜನ ಉಳಿಯುವುದಿಲ್ಲ. ಪರೀಕ್ಷೆ, ಸಾಲ, ಒಂಟಿತನದ ನಡುವೆ ಬರುವ ಒಂದು ಕೆಟ್ಟ ರಾತ್ರಿ ದಾಟಿಹೋಗಬೇಕಾದರೆ ಕೈಗೆಟಕುವಷ್ಟು ದೂರದಲ್ಲಿ ಪಿಸ್ತೂಲ್ ಇಲ್ಲದಿರುವುದೇ ದೊಡ್ಡ ರಕ್ಷಣೆ. ಭದ್ರತೆಗೆ ಇಟ್ಟ ದುಡ್ಡಲ್ಲಿ ಆಪ್ತಸಮಾಲೋಚಕರ ಹುದ್ದೆಗಳೂ ಸೇರಬೇಕು ಅಂತ ನಾನು ಹೇಳುವುದು ಇದಕ್ಕೇ.

ನಮ್ಮ ಮಕ್ಕಳಿಗೆ ಗೊತ್ತಿರಬೇಕಾದದ್ದು

ಎಫ್–1 ವೀಸಾದಲ್ಲಿರುವ ವಿದ್ಯಾರ್ಥಿಗೆ ಈ ಯಾವ ರಾಜ್ಯದ ಕ್ಯಾಂಪಸ್ ಕ್ಯಾರಿಯೂ ಅನ್ವಯಿಸುವುದಿಲ್ಲ ಅಂತಲೇ ತಿಳಿದುಕೊಳ್ಳುವುದು ಒಳ್ಳೆಯದು. ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ, ಅಷ್ಟೆ. ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಸುಮ್ನೆ ಒಂದು ಫೋಟೊ ತೆಗೆಸಿಕೊಳ್ಳೋಣ ಅನ್ನುವುದರಲ್ಲೂ ತೊಂದರೆ ಇದೆ. ಬಾಡಿಗೆ ಪಿಸ್ತೂಲ್ ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡಂತೆಯೇ ಲೆಕ್ಕ. ಶಿಕ್ಷೆಯ ಜೊತೆಗೆ ವೀಸಾಕ್ಕೂ ಕುತ್ತು.

ರೂಮ್‌ಮೇಟ್ ಹತ್ತಿರ ಪಿಸ್ತೂಲ್ ಇದ್ದರೆ ಅದನ್ನು ಮುಟ್ಟುವುದು, ಸ್ವಲ್ಪ ಹೊತ್ತು ಇಟ್ಟುಕೊಂಡಿರು ಅಂದಾಗ ಇಸಿದುಕೊಳ್ಳುವುದು ಬೇಡ. ಬಾಡಿಗೆ ಕರಾರು ಮಾಡುವ ಮೊದಲೇ ಈ ವಿಷಯ ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಕ್ಲಾಸ್‌ನಲ್ಲಿ ಯಾರದ್ದಾದರೂ ಪಿಸ್ತೂಲ್ ಕಣ್ಣಿಗೆ ಬಿದ್ದರೆ ಅವರ ಜೊತೆ ವಾದಕ್ಕೆ ಇಳಿಯದೆ ಎದ್ದು ಹೊರಗೆ ಬಂದು ಕ್ಯಾಂಪಸ್ ಪೊಲೀಸರಿಗೆ ಫೋನ್ ಮಾಡಬೇಕು. ಕಂಡರೆ ಅದು ನಿಯಮ ಮುರಿದಂತೆ, ದೂರು ಕೊಡುವುದು ತಪ್ಪಲ್ಲ.

1990ರ ಕ್ಲೆರಿ ಕಾಯ್ದೆಯ ಪ್ರಕಾರ ಕೇಂದ್ರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ಕ್ಯಾಂಪಸ್‌ನ ಅಪರಾಧಗಳ ವಿವರವನ್ನು ಪ್ರತಿ ವರ್ಷ ಪ್ರಕಟಿಸಲೇಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ವಾರ್ಷಿಕ ಭದ್ರತಾ ವರದಿ ಅಂತ ಅದು ಸಿಗುತ್ತದೆ. ಅಡ್ಮಿಷನ್‌ಗೆ ಮೊದಲು ರ‍್ಯಾಂಕಿಂಗ್, ಫೀಸ್, ಕೆಲಸದ ಅವಕಾಶ ಎಲ್ಲ ಜಾಲಾಡುವ ಹೊತ್ತಿನಲ್ಲೇ ಅದನ್ನೂ ಒಮ್ಮೆ ತೆರೆದು ನೋಡಿ. ರಾತ್ರಿ ಲ್ಯಾಬ್‌ನಿಂದ ಮನೆಯವರೆಗೆ ಜೊತೆಗೆ ಬರುವ ಉಚಿತ ವ್ಯವಸ್ಥೆ ಎಷ್ಟೋ ಕ್ಯಾಂಪಸ್‌ಗಳಲ್ಲಿ ಇದೆ, ನಮ್ಮ ಮಕ್ಕಳು ಸಂಕೋಚಕ್ಕೆ ಅದನ್ನು ಕೇಳುವುದಿಲ್ಲ. ತುರ್ತು ಸಂದೇಶ ಬರುವ ಪಟ್ಟಿಗೆ ಅವರ ಅಲ್ಲಿನ ನಂಬರ್ ಸೇರಿದೆಯಾ ಅಂತ ಮೊದಲ ವಾರದಲ್ಲೇ ಕೇಳಿ. ಹೊಸ ಸಿಮ್ ಹಾಕಿಕೊಂಡ ಮೇಲೆ ಹಳೆಯ ನಂಬರೇ ಕಾಲೇಜಿನ ದಾಖಲೆಯಲ್ಲಿ ಉಳಿದಿರುವುದು ತುಂಬಾ ಸಾಮಾನ್ಯ.